ನಂಗಲಿ ದಾಟಿದರೆ ರಿಂಗ್

ಮೊನ್ನೆ ನನ್ನ ತಂಗಿಯ ಮಗಳು ಮದ್ರಾಸಿಗೆ ಹೋಗಿಬಂದಳು. ದಾರಿಯುದ್ದಕ್ಕೂ ಫೋನೇ ಫೋನು. ದೊಡ್ಡಮ್ಮಾ, ಕೋಲಾರದಲ್ಲಿ ಇಡ್ಲಿ ತಿಂದೆ. ದೊಡ್ಡಮ್ಮಾ, ಚಿತ್ತೂರು ಬಂತು ನೋಡು. ವೀಡಿಯೋದಲ್ಲಿ ಮುಖ ಬೇರೆ ತೋರಿಸಿದಳು. "ನಂಗಲಿ ಯಾವಾಗ ದಾಟ್ದೆ?" ಅಂತ ಕೇಳಿದೆ. "ನಂಗಲಿ ಅಂದ್ರೆ ಯಾವ್ದು?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಪಾಪ, ಅವಳೇನು ಮಾಡಿಯಾಳು? ಈಗ ರೋಮಿಂಗೂ ಇಲ್ಲ, ಗೀಮಿಂಗೂ ಇಲ್ಲ. ಎಲ್ಲಿ ಹೋದರೂ ಫೋನು ಒಂದೇ ಥರ ಬಡಿದುಕೊಳ್ಳುತ್ತದೆ.

ಮುಳಬಾಗಿಲು ದಾಟಿದ ಮೇಲೆ ನಂಗಲಿ ಚೆಕ್‌ಪೋಸ್ಟು ಬರುತ್ತದೆ. ಅಲ್ಲಿಗೆ ಕರ್ನಾಟಕ ಮುಗಿಯಿತು. ಆಚೆ ಆಂಧ್ರ, ಇನ್ನೂ ಆಚೆ ತಮಿಳುನಾಡು. ನಮ್ಮ ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಫೋನುಗಳಿಗೂ ಅಲ್ಲಿಗೇ ಕರ್ನಾಟಕ ಮುಗಿಯುತ್ತಿತ್ತು. ಗಡಿ ದಾಟಿದರೆ ಟವರು ಬೇರೆ, ಕಂಪನಿ ಬೇರೆ, ಪರದೆಯ ಮೇಲೆ ಬರುವ ಹೆಸರೂ ಬೇರೆ. ಅಲ್ಲಿದ್ದಾಗ ನಾವು ಯಾರಿಗಾದರೂ ಫೋನ್ ಮಾಡಿದರೂ ದುಡ್ಡು, ಬೇರೆಯವರು ನಮಗೆ ಮಾಡಿದರೂ ನಮ್ಮದೇ ದುಡ್ಡು. ಇದ್ಯಾವ ಊರಿನ ನ್ಯಾಯ ಅಂತ ನಾನು ಫೋನ್ ಅಂಗಡಿಯವನ ಹತ್ತಿರ ಜಗಳವನ್ನೇ ಆಡಿದ್ದೆ.

ನಮ್ಮದು ಕುಂದಾಣ ಹೋಬಳಿಯ ಒಂದು ಊರು. ನಮ್ಮನೆಯವರದೊಂದು ಟೆಂಪೋ ಇತ್ತು. ಸುತ್ತಮುತ್ತಲಿನ ತೋಟಗಳ ದ್ರಾಕ್ಷಿ ತುಂಬಿಕೊಂಡು ಸಂಜೆ ಹೊರಟರೆ ಬೆಳಗಿನ ಹರಾಜಿನ ಹೊತ್ತಿಗೆ ಮದ್ರಾಸಿನ ಹಣ್ಣಿನ ಮಂಡಿ ಸೇರುತ್ತಿದ್ದರು. ಬೂದಿಗೆರೆ, ಹೊಸಕೋಟೆ, ಕೋಲಾರ, ಆಮೇಲೆ ನಂಗಲಿ. ಅವರು ಅಲ್ಲಿ ಮುಟ್ಟಿದರೋ ಇಲ್ಲವೋ, ಇಲ್ಲಿ ರೈತರೆಲ್ಲ ಫೋನ್ ಹಿಡಿದು ಕೂತುಬಿಡುತ್ತಿದ್ದರು. "ಅಣ್ಣಾ, ರೇಟ್ ಏನಾಯ್ತು?" ಒಬ್ಬರಾದ ಮೇಲೆ ಒಬ್ಬರು. ತಪ್ಪೇನಿಲ್ಲ. ವಿಮಾನ ನಿಲ್ದಾಣದ ಟಿಪ್ಪರ್ ಲಾರಿಗಳ ಕೆಂಧೂಳನ್ನು ಗೊಂಚಲು ಗೊಂಚಲಿನಿಂದ ತೊಳೆದು ಕಳಿಸಿದ ಹಣ್ಣು, ಏನಾಯಿತೋ ಎಂಬ ಕಾತರ ಇದ್ದೇ ಇರುತ್ತದೆ. ಆದರೆ ರೋಮಿಂಗಿನಲ್ಲಿ ಎಲ್ಲರಿಗೂ ಉತ್ತರ ಹೇಳುತ್ತ ಕೂತರೆ ಬಾಡಿಗೆಯೆಲ್ಲ ಫೋನಿಗೇ ಆಗುತ್ತಿತ್ತು.

ದೇವನಹಳ್ಳಿಯ ಫೋನ್ ಅಂಗಡಿಯವನೇ ಒಂದು ದಾರಿ ತೋರಿಸಿದ. ನಮ್ಮನೆಯವರ ಫೋನು ಆಫ್ ಆಗಿದ್ದಾಗ ಅದಕ್ಕೆ ಬರುವ ಕರೆಗಳೆಲ್ಲ ತಾವಾಗಿಯೇ ನನ್ನ ಫೋನಿಗೆ ಬಂದು ಬೀಳುವ ಹಾಗೆ ಮಾಡಿಕೊಟ್ಟ. ಅವರು ನಂಗಲಿಯಲ್ಲಿ ಫೋನ್ ಆಫ್ ಮಾಡಿಬಿಡಬೇಕು. ಹರಾಜು ಮುಗಿದ ಮೇಲೆ ಮಂಡಿಯ ಫೋನಿನಿಂದ ಒಂದು ಸಲ ನನಗೆ ಮಾಡಿ ರೇಟ್ ಹೇಳಬೇಕು. ರೈತರು ಅವರ ನಂಬರಿಗೆ ಮಾಡಿದರೆ ಸಿಗುವವಳು ನಾನು. ನನಗೆ ಬಲು ಹೆಮ್ಮೆಯಾಯಿತು. ರಾಗಿ ಬೀಸಿಸಿಕೊಂಡು ಬರುವಾಗಲೂ ಫೋನ್ ಸೆರಗಿಗೆ ಕಟ್ಟಿಕೊಂಡೇ ಓಡಾಡಿದೆ.

ಮೊದಲ ಸಲವೇ ರಂಪ ಆಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ, ಎಲ್ಲಿದ್ದಾರೋ ನೋಡೋಣ ಅಂತ ಅವರ ನಂಬರು ಒತ್ತಿದೆ. ಆಫ್ ಆಗಿದೆ ಅಂತ ಬರಬೇಕಲ್ಲ? ಇಲ್ಲ. ಬೇರೆ ಕರೆಯಲ್ಲಿ ನಿರತರಾಗಿದ್ದಾರೆ ಅಂದಳು ಆ ಫೋನಿನೊಳಗಿನ ಹೆಂಗಸು. ಮತ್ತೆ ಒತ್ತಿದೆ. ನಿರತರಾಗಿದ್ದಾರೆ. ತಟ್ಟೆ ತೊಳೆದು ಬಂದು ಒತ್ತಿದರೂ ಅದೇ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ರೈತರ ಹತ್ತಿರ ಮಾತಾಡೋಕೆ ದುಡ್ಡಾಗುತ್ತೆ ಅಂದವರು ಅಲ್ಲಿ ಯಾರ ಜೊತೆ ಇಷ್ಟು ಹೊತ್ತು ಹರಟುತ್ತಿದ್ದಾರೆ? ಅವರು ಬಂದು ಚಪ್ಪಲಿ ಬಿಡುವಷ್ಟರಲ್ಲೇ ಶುರುಮಾಡಿದೆ.

"ಯಾರ್ರೀ ಅವ್ಳು?"

"ಯಾರೇ?"

"ಮಧ್ಯಾಹ್ನದಿಂದ ಬಿಝಿ, ಬಿಝಿ, ಬಿಝಿ! ನನ್ ಕಿವಿ ಏನ್ ಕೆಟ್ಟೋಗಿದ್ಯಾ?"

"ಲೇ, ಫೋನ್ ಆಫ್ ಆಗಿತ್ತು ಕಣೇ! ದೇವರಾಣೆ!"

ಆಣೆಗೀಣೆ ನಾನು ಕೇಳಲಿಲ್ಲ. ಮಾರನೆಯ ದಿನ ಇಬ್ಬರೂ ಅಂಗಡಿಯವನ ಮುಂದೆ ನಿಂತೆವು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಅಣ್ಣನ ಫೋನ್ ಆಫ್ ಇದ್ರೆ ಕಾಲ್ ಎಲ್ಗ್ ಬರುತ್ತೆ? ನಿಮ್ ಫೋನ್‌ಗೆ. ನಿಮ್ ಫೋನಲ್ಲಿ ಆಗ್ಲೇ ನೀವೇ ಕಾಲ್ ಮಾಡ್ಕೊಂಡ್ ಕೂತಿದೀರ. ಬಿಝಿ ಆಗಿರೋದು ಅಣ್ಣ ಅಲ್ಲ, ನೀವೇ!" ನಮ್ಮನೆಯವರು ಎಷ್ಟೋ ತಿಂಗಳು ಇದನ್ನೇ ಹೇಳಿ ಕಾಡಿದರು. ಸಾರಿಗೆ ಉಪ್ಪು ಜಾಸ್ತಿಯಾದರೂ ಸರಿ, "ಪಾಪ, ಬಿಝಿ ಇದ್ಳೇನೋ" ಅನ್ನುವರು.

ಆದರೆ ಅದರಿಂದಲೇ ನನಗೊಂದು ಲೆಕ್ಕ ಸಿಕ್ಕಿತು. ಒತ್ತಿದಾಗ ಬಿಝಿ ಬಂದರೆ ಅವರಿನ್ನೂ ನಂಗಲಿಯಿಂದ ಆಚೆ ಇದ್ದಾರೆ. ವಾಪಸು ಬರುವಾಗ ಚೆಕ್‌ಪೋಸ್ಟ್ ದಾಟಿ, ಗಾಡಿ ಪಕ್ಕಕ್ಕೆ ಹಾಕಿ, ಫೋನ್ ಆನ್ ಮಾಡುತ್ತಿದ್ದರು. ಆಮೇಲೆ ನಾನು ಒತ್ತಿದರೆ ರಿಂಗ್ ಆಗುತ್ತಿತ್ತು. ಅವರು ಎತ್ತುತ್ತಿರಲಿಲ್ಲ, ಕಟ್ ಮಾಡುತ್ತಿದ್ದರು. ಅಷ್ಟು ಸಾಕು. ನಂಗಲಿ ದಾಟಿದರು ಅಂತಾಯಿತು. ನಾನು ಎದ್ದು ಹೋಗಿ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದೆ.

ನಂಗಲಿಯಿಂದ ನಮ್ಮೂರಿಗೆ ಮೂರು ಗಂಟೆ ದಾರಿ. ಅಷ್ಟು ಬೇಗ ಉರಿ ಹಾಕುವ ಅಗತ್ಯವೇ ಇರಲಿಲ್ಲ. ಅತ್ತೆ ಇದ್ದಿದ್ದರೆ ಸೌದೆ ದಂಡ ಅಂತ ಬೈಯುತ್ತಿದ್ದರು. ಆದರೆ ಆ ರಿಂಗ್ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ತೋಟದಲ್ಲಿ ಬಳ್ಳಿ ಸವರಿ ಚಾಟನಿ ಮಾಡಿದಾಗ ಉದುರಿದ ದ್ರಾಕ್ಷಿ ಕಡ್ಡಿಯನ್ನು ಇಷ್ಟಿಷ್ಟೇ ಒಡ್ಡುತ್ತ, ನೀರು ಆರದ ಹಾಗೆ, ಮರಳದ ಹಾಗೆ ನೋಡಿಕೊಳ್ಳುತ್ತಿದ್ದೆ. ಅವರು ಬಂದು ಮೊದಲ ಚೊಂಬು ತಲೆಗೆ ಹುಯ್ದುಕೊಂಡು "ಹಾ" ಅನ್ನುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅಂದರೆ ಆ "ಹಾ" ಒಂದೇ.

ಒಂದು ದಿನ ಮಂಡಿಯಿಂದ ಫೋನು ಬರುವುದು ತಡವಾಯಿತು. ರೈತರು ನನ್ನ ತಲೆ ತಿನ್ನುತ್ತಿದ್ದರು. ಒಬ್ಬನಂತೂ ಬಲು ಚೇಷ್ಟೆಯವನು. "ಏನಕ್ಕಾ, ಅಣ್ಣ ಅಲ್ಲೇ ಒಂದ್ ಮನೆ ಮಾಡ್ಬಿಟ್ನಾ?" ಅಂದ. "ಮಾಡ್ಲಿ ಬಿಡಪ್ಪಾ, ಬರೋಳು ನಮ್ ದನದ್ ಸಗಣಿನಾದ್ರೂ ಬಾಚ್ತಾಳೆ" ಅಂದೆ. ಇಬ್ಬರೂ ನಕ್ಕೆವು. ಅವರ ನಂಬರು ಒತ್ತಿ ನೋಡಿದೆ. ಬಿಝಿ. ಸರಿ, ಫೋನ್ ಆಫ್ ಇದೆ, ಆ ಕಡೆಯೇ ಇದ್ದಾರೆ, ಎಲ್ಲ ಸರಿಯಾಗಿಯೇ ಇದೆ ಅಂದುಕೊಂಡೆ.

ಆಮೇಲೆ ಮಂಡಿಯ ನಂಬರು ಬಂತು. ಎತ್ತಿದವಳೇ, "ಏನ್ರೀ, ಇಷ್ಟ್ ಹೊತ್ತಾ? ಜನ ನನ್ ಪ್ರಾಣ ತೆಗೀತಾವ್ರೆ!" ಅಂದೆ.

"ಅಮ್ಮಾ," ಅಂತು ಬೇರೆ ದನಿ. ಮಂಡಿಯ ಸಾಹುಕಾರರು, ತಮಿಳಿನವರು. "ನಿಮ್ ನಂಬರ್ ನಮಗೆ ತೆರಿಯಾದು, ಗೊತ್ತಿಲ್ಲ ಅಮ್ಮಾ. ಅವರ ನಂಬರ್‌ಗೇ ಮಾಡಿದೆ. ಆಫ್ ಇದ್ರೆ ಮನೆಗೆ ಹೋಗುತ್ತೆ ಅಂತ ಅವರೇ ಒಂದ್ಸಲ ಹೇಳಿದ್ರು. ನೀವು ಸ್ವಲ್ಪ ಕೂತ್ಕೊಳ್ಳಮ್ಮಾ."

ನಾನು ಕೂರಲಿಲ್ಲ. ನಿಂತೇ ಕೇಳಿದೆ. ಕ್ರೇಟುಗಳನ್ನೆಲ್ಲ ಇಳಿಸಿ, ಟೀ ಕುಡಿದು, ಎದೆ ಹಿಡಿದುಕೊಂಡು ಟೆಂಪೋದ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲವಂತೆ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರಂತೆ. ಸಾಹುಕಾರರು ಅಳುತ್ತಿದ್ದರು. ನಮ್ಮನೆಯವರ ಸಾವಿನ ಸುದ್ದಿ ಅವರದೇ ನಂಬರಿನ ದಾರಿಯಲ್ಲಿ ನನ್ನ ಕಿವಿಗೆ ಬಂದು ಬಿದ್ದಿತ್ತು. ಫೋನ್ ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ ಅಂದರೆ ಅವರಿಗೆ ಫೋನ್ ಮಾಡಿದ್ದು. ಬಿಝಿ ಅಂತು.

ನನ್ನ ಮೈದುನ ಆಗ ವಿಮಾನ ನಿಲ್ದಾಣದ ಕೆಲಸಕ್ಕೆ ಲಾರಿ ಓಡಿಸುತ್ತಿದ್ದ. ಸುದ್ದಿ ಕೇಳಿದವನೇ ಲಾರಿ ಬಿಟ್ಟು ಮದ್ರಾಸಿಗೆ ಹೋದ. ಮಾರನೆಯ ದಿನ ಆಂಬುಲೆನ್ಸಿನಲ್ಲಿ ಕರೆದುಕೊಂಡು ಬಂದ. ಅವರು ಬರುವ ಮೊದಲೇ ಊರ ಹೆಂಗಸರು ಅಂಗಳದಲ್ಲಿ ಮೂರು ಕಲ್ಲು ಹೂಡಿ ನೀರಿಗೆ ಉರಿ ಹಾಕಿದ್ದರು. ಕೊನೆಯ ಸ್ನಾನಕ್ಕೆ. ನಾನು ಒಳಗಿನಿಂದ ಓಡಿಬಂದು ಕೂಗಾಡಿದೆನಂತೆ. "ಯಾರ್ರೇ ನಿಮ್ಗೆ ಉರಿ ಹಾಕು ಅಂದೋರು? ಇನ್ನೂ ರಿಂಗೇ ಆಗಿಲ್ಲ!" ಅಂತ. ನನಗೆ ಅದು ನೆನಪಿಲ್ಲ. ತಂಗಿ ಹೇಳಿದ್ದು.

ಅವರ ಫೋನು ಅಂಗಿಯ ಜೇಬಿನಲ್ಲೇ ಇತ್ತು. ಆಫ್ ಆಗಿಯೇ ನಂಗಲಿ ದಾಟಿ ಬಂದಿತ್ತು. ಮೈದುನ ಅದನ್ನು ಬೀರುವಿನಲ್ಲಿಟ್ಟ.

ಆದರೆ ಕರೆಗಳು ನಿಲ್ಲಬೇಕಲ್ಲ. ದ್ರಾಕ್ಷಿಯ ಕಾಲ, ಬಳ್ಳಿಯಲ್ಲಿ ಹಣ್ಣು ಸೂತಕ ಮುಗಿಯಲಿ ಅಂತ ಕಾಯುತ್ತದೆಯೇ? ಸುದ್ದಿ ಗೊತ್ತಿಲ್ಲದ ದೂರದ ತೋಟದವರು ಅವರ ನಂಬರಿಗೆ ಮಾಡುತ್ತಿದ್ದರು. "ಅಣ್ಣಾ, ನಾಳಿಕ್ ಗಾಡಿ ಬರುತ್ತಾ?" ನಾನು ಎತ್ತಿ, "ಅಣ್ಣ ಹೋಗ್ಬಿಟ್ರು ಕಣಪ್ಪಾ" ಅನ್ನಬೇಕು. "ಎಲ್ಗೆ?" ಅನ್ನುವರು. ಆಗ ಬಿಡಿಸಿ ಹೇಳಬೇಕು. ಪ್ರತಿ ಸಲವೂ ಹೊಸದಾಗಿ ಹೇಳಬೇಕು. ಒಂದು ಸಾವನ್ನು ಎಷ್ಟು ಸಲ ಅಂತ ಹೇಳುವುದು? ಫೋನ್ ಎತ್ತಿ ಬಾವಿಗೆ ಎಸೆಯೋಣ ಅನ್ನಿಸುತ್ತಿತ್ತು.

ಎಸೆಯಲಿಲ್ಲ. ಯಾಕೆಂದರೆ ಮಧ್ಯಾಹ್ನ ನಾನೂ ಆ ನಂಬರು ಒತ್ತುತ್ತಿದ್ದೆ. ಬೇರೆ ಯಾರು ಒತ್ತಿದರೂ ನಾನು ಸಿಗುತ್ತಿದ್ದೆ. ನಾನು ಒತ್ತಿದರೆ ಮಾತ್ರ, ಅವರು ಬೇರೆ ಕರೆಯಲ್ಲಿ ನಿರತರಾಗಿದ್ದಾರೆ ಅಂತ ಬರುತ್ತಿತ್ತು. ಅದು ಯಾಕೆ ಹಾಗೆ ಅಂತ ನನಗೆ ಗೊತ್ತು. ಫೋನು ಬೀರುವಿನಲ್ಲಿದೆ ಅಂತಲೂ ಗೊತ್ತು. ಗೊತ್ತಿದ್ದೂ ಒತ್ತುತ್ತಿದ್ದೆ. ಬಿಝಿ ಅಂದರೆ ನಂಗಲಿಯಿಂದ ಆಚೆ. ಆಚೆ ಅಂದರೆ ಇನ್ನೂ ಬರುವುದಿದೆ. ಅಷ್ಟು ಹೊತ್ತು ನನ್ನ ಎದೆ ಹಗುರಾಗುತ್ತಿತ್ತು.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಒಂದು ಮಧ್ಯಾಹ್ನ. ನಡುಮನೆಯಲ್ಲಿ ಒಬ್ಬಳೇ ಗೋಡೆಗೊರಗಿ ಕೂತಿದ್ದೆ. ಎಂದಿನಂತೆ ಒತ್ತಿ ಕಿವಿಗಿಟ್ಟುಕೊಂಡೆ.

ರಿಂಗ್ ಆಯಿತು.

ನಾನು ಎದ್ದೆ. ಯೋಚನೆ ಮಾಡಿ ಎದ್ದಿದ್ದಲ್ಲ, ಕಾಲು ತಾನೇ ಎದ್ದಿತು. ಫೋನನ್ನು ಅಲ್ಲೇ ಚಾಪೆಯ ಮೇಲೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಹೋದೆ. ಹಂಡೆ ತುಂಬಿಸಿದೆ. ಕಡ್ಡಿ ಮುರಿದು ಒಡ್ಡಿ, ಬೆಂಕಿಕಡ್ಡಿ ಗೀರಿದೆ. ಹೊಗೆ ಕಣ್ಣಿಗೆ ಬಂತು, ಊದಿದೆ. ದೇವರೇ, ಆಗ ನನಗಾದ ಸಂತೋಷ! ದಾಟಿದರು, ಬರುತ್ತಿದ್ದಾರೆ, ಅಷ್ಟೇ ಇತ್ತು ನನ್ನ ತಲೆಯಲ್ಲಿ.

ಹೆಜ್ಜೆ ಸಪ್ಪಳವಾಗಿ ತಿರುಗಿ ನೋಡಿದೆ. ಬಾಗಿಲಲ್ಲಿ ಮೈದುನ ನಿಂತಿದ್ದ. ಕೈಯಲ್ಲಿ ಅವರ ಫೋನಿತ್ತು.

"ಅತ್ಗೆ," ಅಂದ. "ದಿನಾ ಎಲ್ಲರ್ಗೂ ಹೇಳಿ ಹೇಳಿ ನೀವ್ ಸೊರಗೋಗಿದೀರ. ಇನ್ಮೇಲೆ ಆ ಕಾಲ್ ಎಲ್ಲಾ ನನ್ಗೇ ಬರ್ಲಿ ಅಂತ ಬೀರುವಿಂದ ತಗೊಂಡೋಗಿ ಚಾರ್ಜ್ ಮಾಡಿ ಆನ್ ಮಾಡ್ದೆ. ಟೆಂಪೋನೂ ನಾನೇ ಓಡಿಸ್ತೀನಿ. ನಿಮ್ಗೆ ಹೇಳಣ ಅಂತ ಬರೋಷ್ಟ್ರಲ್ಲಿ ನೀವೇ ಮಾಡಿದ್ರಿ..."

ಅಷ್ಟು ಹೇಳುವ ಹೊತ್ತಿಗೆ ಅವನು ಉರಿ ನೋಡಿದ. ಹಂಡೆ ನೋಡಿದ. ಆ ರಿಂಗಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಮುಖ ಕಪ್ಪಿಟ್ಟಿತು. ಅವನದೇನು ತಪ್ಪು? ನನ್ನ ಮೇಲಿನ ಮರುಕದಿಂದ ಮಾಡಿದ ಕೆಲಸ. ಬೈಯಬೇಕು ಅಂತ ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಅಳುವೇ ಬಂತು. ತಿಥಿಯ ದಿನ ಬಾರದ ಅಳು, ಹೆಣದ ಮುಂದೆಯೂ ಬಾರದ ಅಳು.

ಅವನು ಫೋನನ್ನು ಜೇಬಿಗಿಟ್ಟುಕೊಂಡು, ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಆರುತ್ತಿದ್ದ ಒಲೆಗೆ ಎರಡು ಕಡ್ಡಿ ಒಡ್ಡಿದ. ನೀರು ಕಾಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು. ಸ್ನಾನ ಮಾಡುವವರು ಯಾರೂ ಇರಲಿಲ್ಲ.