ಅಕ್ಕನ ಶ್ವಾಸಕೋಶದ ಒಂದು ಚೂರು

ಆಸ್ಪತ್ರೆಯವರೆಲ್ಲ ಅವಳನ್ನು ಫ್ರಿಜ್ಜಕ್ಕ ಅನ್ನುತ್ತಿದ್ದರು. ಆಪರೇಷನ್ ನಡೆಯುತ್ತಿರುವಾಗಲೇ ರೋಗಿಯ ಮೈಯಿಂದ ತೆಗೆದು ಮೇಲಿನ ಮಹಡಿಯಿಂದ ಕಳಿಸಿದ ಚೂರನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ, ರೋಗ ಯಾವುದೆಂದು ಪರೀಕ್ಷಿಸುವ ಡಾಕ್ಟರಮ್ಮನ ಮುಂದಿಡುವುದು ಅವಳ ಕೆಲಸ. ಕೈ ಎಷ್ಟು ಪಳಗಿತ್ತೆಂದರೆ, ಬಾಯಿ ಊರ ಸುದ್ದಿಯನ್ನೆಲ್ಲ ಹರಟುತ್ತಿದ್ದರೂ ಬ್ಲೇಡು ತನ್ನ ಪಾಡಿಗೆ ತಾನು ಓಡುತ್ತಿತ್ತು.

ಅವತ್ತು ಮಾತ್ರ ಹಾಗಲ್ಲ. ಮೇಲೆ ಆಪರೇಷನ್ ಟೇಬಲ್ಲಿನಲ್ಲಿ ಮಲಗಿದ್ದವಳು ಸ್ವಂತ ಅಕ್ಕ. ತಾಯಿ ಹೋದ ಮೇಲೆ ಇವಳಿಗೆ ಜಡೆ ಹೆಣೆದು ಸಾಕಿದವಳು; ಮಕ್ಕಳಿಗೆ ಈಜು ಕಲಿಸುತ್ತ ಅರ್ಧ ಆಯಸ್ಸನ್ನು ನೀರಲ್ಲೇ ಕಳೆದವಳು. ಹಳೆಯ ಕಾಯಿಲೆಯೊಂದು ಎಡ ಶ್ವಾಸಕೋಶದ ಒಂದು ಪಾಲನ್ನು ಆಗಲೇ ತಿಂದು ಹಾಕಿತ್ತು. ಈಗ ಬಲಗಡೆ ಕಡಲೆಕಾಳಿನಷ್ಟು ಗಂಟು, ಕ್ಯಾನ್ಸರ್ ಇರಬಹುದೆಂಬ ಅನುಮಾನ. ಅದು ಒಳಕ್ಕೆ ನುಗ್ಗಿಲ್ಲದಿದ್ದರೆ ಗಂಟಿರುವ ಚೂರು ತೆಗೆದರೆ ಸಾಕು, ನುಗ್ಗಿದ್ದರೆ ಶ್ವಾಸಕೋಶದ ಆ ಇಡೀ ಭಾಗವೇ ಹೋಗಬೇಕು ಎಂದು ಸರ್ಜನ್ ಮೊದಲೇ ಹೇಳಿದ್ದರು. ಆಮೇಲೆ ಮೆಟ್ಟಿಲು ಹತ್ತುವುದೇ ಕಷ್ಟ, ಇನ್ನು ಈಜಿನ ಮಾತೆಲ್ಲಿ!

“ಹೊರಗೆ ಕೂತಿರಿ, ಬೇರೆಯವ್ರು ಮಾಡ್ತಾರೆ,” ಎಂದರು ಡಾಕ್ಟರಮ್ಮ.

“ಹೊರಗೆ ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ ಮೇಡಂ.”

ಹಟಮಾರಿ! ಡಾಕ್ಟರಮ್ಮ ಮೇಲಿನಿಂದ ಬಂದ ಗಂಟನ್ನು ಸೀಳಿ ಅರ್ಧ ಕೊಟ್ಟರು. ಫ್ರಿಜ್ಜಕ್ಕ ಹೆಪ್ಪುಗಟ್ಟಿಸಿದಳು, ಕೊಯ್ದಳು, ಬಣ್ಣ ಹಾಕಿದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಡಾಕ್ಟರಮ್ಮನ ಮುಖ ಸಪ್ಪಗಾಯಿತು.

“ಎಲ್ಲಾ ಮುದ್ದೆಯಾಗಿದೆಯಲ್ಲ. ತುಂಬಿಸ್ಲಿಲ್ವಾ?”

ಶ್ವಾಸಕೋಶದ ಚೂರು ದೇಹ ಬಿಟ್ಟೊಡನೆ ಗಾಳಿ ಹೋಗಿ ಮುದುಡುತ್ತದೆ. ಗೋಡೆಗೆ ಗೋಡೆ ಅಂಟಿಕೊಂಡು, ರೋಗ ಗೋಡೆಯ ಮೇಲಷ್ಟೇ ಇದೆಯೋ, ಗೋಡೆಯನ್ನು ಒಡೆದಿದೆಯೋ ತಿಳಿಯುವುದಿಲ್ಲ. ಅದಕ್ಕೇ ಸಿರಿಂಜಿನಿಂದ ದ್ರವ ತುಂಬಿ, ಉಬ್ಬಿಸಿ, ಆಮೇಲೆ ಹೆಪ್ಪುಗಟ್ಟಿಸಬೇಕು. ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸ, ಇವತ್ತೇ ಮರೆಯಬೇಕೆ! ಅಷ್ಟರಲ್ಲಿ ಸರ್ಜನ್ ಫೋನು: “ಹೇಳಿ ಡಾಕ್ಟ್ರೇ, ತೆಗೀಲಾ, ಬಿಡ್ಲಾ?”

“ಸ್ವಲ್ಪ ಇರಿ,” ಎಂದ ಡಾಕ್ಟರಮ್ಮ ಉಳಿದರ್ಧವನ್ನು ಅವಳ ಕಡೆ ಸರಿಸಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸಿರಿಂಜಿಗೆ ದ್ರವ ಎಳೆದುಕೊಂಡು ಸೂಜಿ ಚುಚ್ಚಿದಳು. ಮುದುಡಿದ್ದ ಚೂರು ಮೆಲ್ಲಗೆ ಉಬ್ಬಿ ಎದ್ದಿತು.

ಈ ಸಲ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಬಿಟ್ಟೆದ್ದು, “ಬನ್ನಿ, ನೀವೇ ನೋಡಿ,” ಎಂದರು.

ಅಬ್ಬಬ್ಬಾ! ಗುಲಾಬಿ ಬಣ್ಣದ ಲೆಕ್ಕವಿಲ್ಲದಷ್ಟು ಪುಟ್ಟ ಕೋಣೆಗಳು, ಕೂದಲೆಳೆಯಂಥ ಗೋಡೆಗಳು. ಅಕ್ಕ ಹುಟ್ಟಿದಂದಿನಿಂದ ಎಳೆದ ಒಂದೊಂದು ಉಸಿರೂ ಬಂದುಹೋದದ್ದು ಇಂಥ ಕೋಣೆಗಳಿಗೇ! ಒಂದು ಕಡೆ ಗೋಡೆಗಳ ಮೇಲೆ ಕೆಟ್ಟ ಕಣಗಳು ಕಪ್ಪಗೆ ಸಾಲುಗಟ್ಟಿ ಕೂತಿದ್ದವು. ಆದರೆ ಗೋಡೆ ಒಂದೂ ಒಡೆದಿರಲಿಲ್ಲ. ಇಷ್ಟು ತೆಳ್ಳಗಿರುವುದು ಹೇಗಪ್ಪಾ ತಡೆದು ನಿಂತಿತು ಎಂದು ಅವಳಿಗೆ ಮೈ ಜುಮ್ಮೆಂದಿತು.

ಡಾಕ್ಟರಮ್ಮ ಫೋನೆತ್ತಿದರು. “ಕ್ಯಾನ್ಸರೇ. ಆದ್ರೆ ಕಂಡಷ್ಟರಲ್ಲಿ ಹೊಸಿಲು ದಾಟಿಲ್ಲ. ಪೂರ್ತಿ ರಿಪೋರ್ಟು ಆಮೇಲೆ. ತೆಗೆದಿದ್ದೇ ಸಾಕು, ಹೊಲಿದುಬಿಡಿ.”

ಎಚ್ಚರವಾದ ಮೇಲೆ ಅಕ್ಕ ಕೇಳಿದ ಮೊದಲ ಮಾತು, “ನೀರಿಗಿಳೀಬಹುದೇನೇ?”

“ಗಾಯ ಮಾಗಿದ್ಮೇಲೆ ಇಳೀಬಹುದು. ಅಕ್ಕಾ, ನಿನ್ನೊಳಗನ್ನ ನೋಡ್ದೆ ಕಣೇ. ಎಷ್ಟು ಚಂದ ಗೊತ್ತಾ!” ಎಂದಳು ತಂಗಿ.

ಅಕ್ಕ ಪಕ್ಕೆಯ ಹೊಲಿಗೆಯನ್ನು ಒತ್ತಿಹಿಡಿದು ನಕ್ಕಳು. “ನಿಮ್ಮ ಭಾವ ಒಂದಿನಾನೂ ಹಾಗಂದಿಲ್ಲ. ನೀನು ಕೊಯ್ದು ನೋಡಿ ಹೇಳ್ತಿದ್ದೀಯ!”

ಆಮೇಲೆ ನೋವನ್ನೂ ಲೆಕ್ಕಿಸದೆ, ತಂಗಿ ನೋಡಲೆಂದೇ, ಎದೆತುಂಬ ಒಂದು ಉಸಿರೆಳೆದಳು.