ಸನ್‌ಸ್ಕ್ರೀನ್ ತಂದ ಸರ್ಪಸುತ್ತು

ಮೊದಲು ಕುತ್ತಿಗೆ ಉರಿಯಿತು. ಹೆಲ್ಮೆಟ್ ಪಟ್ಟಿ ತಿಕ್ಕಿರಬೇಕು ಎಂದುಕೊಂಡೆ. ಮರುದಿನ ಕೆನ್ನೆ, ಮುಂಗೈ ಎಲ್ಲ ಕೆಂಪಗೆ ಊದಿ, ನೀರುಗುಳ್ಳೆ ಎದ್ದವು.

ಮನೆಮನೆಗೆ ಹೋಗಿ ಬ್ಲಡ್ ಸ್ಯಾಂಪಲ್ ತರುವ ಕೆಲಸ ನನ್ನದು. ರಾಮಮೂರ್ತಿ ನಗರದ ಬಾಡಿಗೆ ಮನೆಯಿಂದ ಸ್ಕೂಟಿ ಹತ್ತಿದರೆ ಇಂದಿರಾನಗರ, ಹಲಸೂರು ಎಲ್ಲ ಬಿಸಿಲಲ್ಲೇ. ಜೊತೆಯ ಹುಡುಗಿಯರು ಹೇಳಿದರೆಂದು ಸನ್‌ಸ್ಕ್ರೀನ್ ಹಚ್ಚತೊಡಗಿದ್ದೆ. ಈ ಉರಿ ಬಿಸಿಲಿನದೇ ಎಂದು ಇನ್ನಷ್ಟು ದಪ್ಪಗೆ ಬಳಿದುಕೊಂಡೆ. ಉರಿಯುವ ಬೆಂಕಿಗೆ ನಾನೇ ತುಪ್ಪ ಸುರಿಯುತ್ತಿದ್ದೆ, ತಿಳಿದಿರಲಿಲ್ಲ.

ನಮ್ಮ ಜೊತೆಗೇ ಇರುವ ಅತ್ತೆ ನನ್ನ ಕುತ್ತಿಗೆ ನೋಡಿ ಹಿಂದೆ ಸರಿದರು.

"ಸರ್ಪಸುತ್ತು ಆಗ್ಯಾದ. ಸುತ್ತು ಕೂಡಿದ್ರ ಜೀವಾನೇ ಹೋಗ್ತದ. ಕೂಸಿಗಿ ಮುಟ್ಟಬ್ಯಾಡ ನೀ."

ಕೂಸು ಎಂದರೆ ನನ್ನ ಮಗಳು ಗೌರಿ. ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ನನ್ನ ತೋಳು ತಲೆಯ ಕೆಳಗಿಲ್ಲದೆ ಒಂದು ದಿನವೂ ಮಲಗಿದವಳಲ್ಲ.

ಕಲಬುರಗಿಯ ಅತ್ತೆಮನೆಯಲ್ಲಿ ಸರ್ಪಸುತ್ತಿಗೆ ಡಾಕ್ಟರ ಬಳಿ ಹೋಗುವ ಪದ್ಧತಿಯಿಲ್ಲ. ಕೆಮ್ಮಣ್ಣು ಕಲಸಿ ಬಳಿದು, ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ಇಲ್ಲಿನ ಬಾಡಿಗೆ ಮನೆಯಲ್ಲೂ ನನ್ನನ್ನು ಹಾಗೇ ಕೂರಿಸಿದರು. ಗಂಡ ತನ್ನ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋದ, ಪುಣ್ಯಾತ್ಮ. ದಿನ ಬೆಳಗಾದರೆ ಊರವರ ಕೈ ಹಿಡಿದು ರಕ್ತ ತೆಗೆಯುವವಳು ನಾನು. ನನ್ನ ಕೈ ಹಿಡಿಯುವವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಬಾಗಿಲಾಚೆ ಗೌರಿ ಅತ್ತಾಗ ಅತ್ತೆ ಗದರುವುದು ಕೇಳಿಸುತ್ತಿತ್ತು.

"ನಿಮ್ಮವ್ವಗ ಹಾವು ಸುತ್ತ್ಯಾದ. ಮುಟ್ಟಿದ್ರ ನಿನಗೂ ಸುತ್ತತದ."

ಅವಳ ಅಳು ನಿಲ್ಲುವವರೆಗೆ ಬಾಗಿಲಿಗೆ ಕಿವಿಗೊಟ್ಟು ಕೂರುತ್ತಿದ್ದೆ.

ಗುಳ್ಳೆ ಒಣಗಿದವು.

ಅತ್ತೆ ಗೆದ್ದರು. ನಾನೂ ನಂಬಿದೆ ಅನ್ನಿ. ಮಣ್ಣು ತೊಳೆದು, ಮುಖಕ್ಕೆ ಸನ್‌ಸ್ಕ್ರೀನ್ ಬಳಿದುಕೊಂಡು ಕೆಲಸಕ್ಕೆ ಹೋದೆ. ಮರುದಿನ ಮುಖ ಬಾತು ಕಣ್ಣು ತೆರೆಯಲಾಗಲಿಲ್ಲ. ಈ ಸಲ ಗೌರಿಯನ್ನು ಮಹದೇವಪುರದ ನಾದಿನಿಯ ಮನೆಗೇ ಸಾಗಿಸಿದರು. ಹೊರಡುವಾಗ ಅವಳು ಅಳಲೂ ಇಲ್ಲ.

ಆಗ ನಾನೊಬ್ಬಳೇ ಶಿವಾಜಿನಗರದ ಆಸ್ಪತ್ರೆಗೆ ಹೋದೆ. ಸ್ಕಿನ್ ಓಪಿಡಿಯ ಡಾಕ್ಟರಮ್ಮ ಎಲ್ಲ ಕೇಳಿ, ಔಷಧಿ ಕೊಟ್ಟು, ಊತ ಇಳಿದ ಮೇಲೆ ಬೆನ್ನಿಗೆ ಎರಡು ಸಾಲು ಪಟ್ಟಿ ಅಂಟಿಸಿದರು. ಎರಡರಲ್ಲೂ ನಾನು ಹಚ್ಚುತ್ತಿದ್ದ ಸನ್‌ಸ್ಕ್ರೀನ್ ಕ್ರೀಮೇ. ಒಂದು ಸಾಲಿಗೆ ಯುವಿ ಲೈಟ್ ಬಿಟ್ಟರು, ಇನ್ನೊಂದನ್ನು ಮುಚ್ಚಿಟ್ಟರು. ಬೆಳಕು ಬಿದ್ದ ಸಾಲು ಮಾತ್ರ ಕೆಂಪಗೆ ಎದ್ದಿತು.

"ಇದ್ರಲ್ಲಿರೋದು ಕೆಮಿಕಲ್ ಫಿಲ್ಟರ್‌ ಅಮ್ಮಾ. ಬಿಸಿಲಿನ ಯುವಿ ಕಿರಣಾನ ತಾನೇ ಹೀರ್ಕೊಂಡು, ಸ್ವಲ್ಪ ಶಾಖ ಮಾಡಿ ಬಿಟ್ಬಿಡತ್ತೆ. ಚರ್ಮಕ್ಕೆ ಏಟು ತಗಲಲ್ಲ. ತುಂಬಾ ಜನಕ್ಕೆ ಏನೂ ಆಗಲ್ಲ. ನಿಮ್ಮಂಥ ಕೆಲವರಿಗೆ, ಬೆಳಕು ಬಿದ್ದ ಮೇಲೆ ಆ ಕೆಮಿಕಲ್ಲೇ ಅಲರ್ಜಿ ಎಬ್ಬಿಸತ್ತೆ."

"ಕೆಮ್ಮಣ್ಣು ಹಚ್ಚಿದಾಗ ವಾಸಿಯಾಯ್ತಲ್ಲಾ ಮೇಡಂ?"

"ಕತ್ತಲೇಲಿ ಕೂತಿದ್ರಿ. ಕ್ರೀಮ್ ಹಚ್ಚಿರ್ಲಿಲ್ಲ. ಇನ್ನೇನ್ ಬೇಕು?"

"ಇದು ಅಂಟತ್ತಾ?"

"ಯಾರಿಗೂ ಅಂಟಲ್ಲ. ಹೋಗಿ, ಮಗೂನ ಎತ್ಕೊಳ್ಳಿ."

ಓಪಿಡಿಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಸಂಕಟಕ್ಕಲ್ಲ, ಸಿಟ್ಟಿಗೆ. ಹಾವೂ ಇಲ್ಲ, ಹುತ್ತವೂ ಇಲ್ಲ. ಒಂದು ಟ್ಯೂಬು ಕ್ರೀಮಿಗೆ ನನ್ನ ಮಗಳನ್ನು ನನ್ನಿಂದ ಕಿತ್ತುಕೊಂಡಿದ್ದರು.

ಈಗ ಜಿಂಕ್ ಇರುವ ಕ್ರೀಮು ಹಚ್ಚುತ್ತೇನೆ. ಅದು ಚರ್ಮದ ಮೇಲೆ ಬೆಳ್ಳಗೆ ಕೂತುಬಿಡುತ್ತದೆ, ಮುಖಕ್ಕೆ ವಿಭೂತಿ ಬಳಿದಂತೆ ಕಾಣುತ್ತೇನೆ. ಕಾಣಲಿ. ಗುಳ್ಳೆ ಎದ್ದಿಲ್ಲ, ಕೆಲಸ ಉಳಿದಿದೆ, ಅಷ್ಟರಮಟ್ಟಿಗೆ ದೇವರು ಕಣ್ಣು ಬಿಟ್ಟಿದ್ದಾನೆ.

ಗುಳ್ಳೆ ಮತ್ತೆ ಏಳಲಿಲ್ಲವೆಂದು ಕಳೆದ ಭಾನುವಾರ ಗೌರಿಯನ್ನು ಕರೆತಂದರು. ಎರಡೂ ಕೈ ಚಾಚಿ ನಿಂತೆ. ಅವಳು ಬಾಗಿಲಲ್ಲೇ ನಿಂತು ಅಜ್ಜಿಯ ಮುಖ ನೋಡಿದಳು.

"ಆಯಿ, ಅವ್ವಗ ಮುಟ್ಲೇನು?"

ಅತ್ತೆ ನನ್ನ ಕುತ್ತಿಗೆಯನ್ನು ದಿಟ್ಟಿಸಿದರು. ಆಮೇಲೆ "ಮುಟ್ಟು" ಎಂದರು.

ಗೌರಿ ಹತ್ತಿರ ಬಂದು ಒಂದು ಬೆರಳಿನಿಂದ ನನ್ನ ಕೆನ್ನೆ ಮುಟ್ಟಿದಳು. ಇಷ್ಟು ಸಾಕು, ಉಳಿದದ್ದು ನಿಧಾನಕ್ಕೆ ಬರುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಆಮೇಲೆ ಅವಳು, ಯಾರೂ ಹೇಳದೆಯೇ, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು.