ಕಾಶಮ್ಮನ ಉಗುರು

ಕಾಶಮ್ಮನ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರುಗಪ್ಪಾಗಿರುತ್ತಿತ್ತು. ಕಂಡ ಗಿಡದ ಕುಡಿ ಚಿವುಟುವುದು ಅವಳ ಚಾಳಿ. ಚಿತ್ತಾಪುರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವುದು ಅವಳ ಕೆಲಸ. ಬರುವ ದಾರಿಯಲ್ಲಿ ಅಂಗಳದ ಸೇವಂತಿಗೆಯನ್ನೂ ಬಿಡುತ್ತಿರಲಿಲ್ಲ. ಪ್ರಾಂಶುಪಾಲರು ರೇಗಿದರೆ, "ಕುಡಿ ಮುರದ್ರ ಗಿಡ ಸಾಯಂಗಿಲ್ರಿ ಸರ, ಹಟಕ್ಕ ಬೀಳ್ತದ," ಎನ್ನುತ್ತಿದ್ದಳು.

ಒಂದು ದಿನ ಸೆರಗಿನ ಗಂಟು ಬಿಚ್ಚಿ ಹನ್ನೊಂದು ತೊಗರಿ ಕಾಳು ನನ್ನ ಮೇಜಿನ ಮೇಲೆ ಸುರಿದಳು. ಚಿಮ್ಮನಚೋಡದ ಅವಳ ತವರಿನ ಹಳೆಯ ತಳಿ. ಮಿಕ್ಕದ್ದನ್ನೆಲ್ಲ ಹುಳ ತಿಂದಿತ್ತು, ಊರಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

"ನಮ್ಮವ್ವ ಬಿತ್ತತಿದ್ದ ತೊಗರಿರಿ ಇದು. ಬಾಟ್ಲ್ಯಾಗ ಒಂದಕ್ಕ ಹತ್ತು ಮಾಡ್ತೀರಂತಲ್ಲ, ಮಾಡಿಕೊಡ್ರಿ ಮೇಡಂ."

ಗಿಡದ ತುಂಡಿನಿಂದಲೇ ಗಿಡ ಬೆಳೆಸುವ ಅಂಗಾಂಶ ಕೃಷಿ ಓದಿದ ಜಂಬದಲ್ಲಿ ಒಪ್ಪಿಬಿಟ್ಟೆ. ಕಾಳನ್ನು ಬಾಟಲಿಯಲ್ಲಿ ಮೊಳೆಸಿ, ಸಸಿಯ ಎಲೆ, ಕಾಂಡಗಳನ್ನು ತುಂಡು ಮಾಡಿ ಪೋಷಕಾಂಶದ ಮೇಲಿಟ್ಟೆ. ತುಂಡುಗಳು ಹಿಟ್ಟಿನ ಮುದ್ದೆಯಂತೆ ಉಬ್ಬಿದವು, ಚಿಗುರು ಮಾತ್ರ ಇಲ್ಲ. ಹಾರ್ಮೋನು ಹೆಚ್ಚಿಸಿದೆ, ಇಳಿಸಿದೆ, ಬೆಳಕು ಬದಲಿಸಿದೆ. ಮುದ್ದೆಗಳು ಕಂದಿ ಸತ್ತವು. ಹೀಗೆ ಎಂಟು ಕಾಳು ಹಾಳಾದವು. ಅವಳ ಮುಖ ನೋಡಲು ನನಗೆ ನಾಚಿಕೆ.

ಅವಳು ಬೈಯಲಿಲ್ಲ. ನನ್ನ ಕಸದ ಬುಟ್ಟಿ ಕೆದಕಿ, ಬೇಳೆ ಅಂಟಿಕೊಂಡಿದ್ದ ಬುಡದ ತುಂಡೊಂದನ್ನು ಎತ್ತಿ ಹಿಡಿದಳು. "ಇದನ್ಯಾಕ ಚೆಲ್ಲಾಕತ್ತೀರಿ? ಮೊಲ ಕಡದ ಸಸಿ ಇಲ್ಲಿಂದನ ಒಡೀತದ. ಬ್ಯಾಳಿ ಸಂದ್ಯಾಗ ಕಣ್ಣ ಇರ್ತಾವ ನೋಡ್ರಿ. ಅದೂ ಭಾಳ ಎಳೇದಿದ್ದಾಗ." ಎಳೆಯದಕ್ಕೇ ಯಾಕೆ ಅಷ್ಟು ಹುಮ್ಮಸ್ಸು ಎಂಬುದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಉಳಿದ ಮೂರು ಕಾಳಿನ ಎಳೆ ಮೊಳಕೆಯ ಕುಡಿ ತೆಗೆದು, ಬೇಳೆಯ ಸಂದಿಯನ್ನೇ ಬಾಟಲಿಯಲ್ಲಿಟ್ಟೆ. ಕೆಲವು ವಾರಕ್ಕೆ ಗೊಂಚಲು ಚಿಗುರು! ಕಾಶಮ್ಮ ಗಾಜಿಗೆ ಮೂಗು ಒತ್ತಿಕೊಂಡು ನಿಂತೇ ಇದ್ದಳು. ಆದರೆ ಬೇರು ಬರಿಸುವಾಗ ಕೆಲವು, ಮಣ್ಣಿಗಿಳಿಸುವಾಗ ಕೆಲವು ಹೋಗಿ, ಕೊನೆಗೆ ಒಂದೇ ಸಸಿ ಉಳಿಯಿತು.

ಅಷ್ಟರಲ್ಲಿ ಅವಳು ಕೆಲಸ ಬಿಟ್ಟು ಚಿಮ್ಮನಚೋಡದ ಅಣ್ಣನ ಮನೆ ಸೇರಿದ್ದಳು. ಕುಂಡವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ನೋಡಿದವಳೇ ಹೆಬ್ಬೆರಳು ಚಾಚಿದಳು.

"ಬೇಡ ಕಾಶಮ್ಮ, ಇರೋದೇ ಒಂದು!" ಎಂದು ಚೀರಿದೆ.

ಚಟ್ಟನೆ ಕುಡಿ ಚಿವುಟಿ ನಕ್ಕಳು. "ಒಂದ ಅದ ಅಂತನ ಚಿವುಟೀನ್ರಿ."

ಅದೇ ಕೊನೆಯ ಭೇಟಿ. ಆ ಗಿಡ ಮೈತುಂಬ ಕವಲೊಡೆದು ಕಾಯಿ ಬಿಟ್ಟಿತಂತೆ. ಅವಳ ಅಣ್ಣ ಒಂದು ಬೊಗಸೆ ಕಾಳು ತಂದುಕೊಟ್ಟಾಗ, ಅವಳು ತೀರಿಹೋದ ಸುದ್ದಿಯನ್ನೂ ತಂದಿದ್ದ. ನಾನು ಅತ್ತುಬಿಟ್ಟೆ.

ಈ ಸಲ ಕಾಲೇಜಿನ ಹಿಂದೆ ಆ ಕಾಳು ಬಿತ್ತಿದ್ದೇನೆ. ಸಸಿಗಳು ಮೊಣಕಾಲೆತ್ತರಕ್ಕೆ ಬಂದಿವೆ. ವಾರದಿಂದ ಹೋಗುವುದು, ಕೈ ಚಾಚುವುದು, ಹಿಂದಕ್ಕೆಳೆದುಕೊಳ್ಳುವುದು, ಇದೇ ಆಗಿತ್ತು. ನಿನ್ನೆ ಕಣ್ಣು ಮುಚ್ಚಿಕೊಂಡು ಮೊದಲ ಕುಡಿಗೆ ಉಗುರು ಒತ್ತಿದೆ. ಉಗುರಿಗೆ ಹತ್ತಿದ ಹಸಿರು ಇನ್ನೂ ಹೋಗಿಲ್ಲ. ತೊಳೆಯಲು ನನಗೂ ಮನಸ್ಸಿಲ್ಲ.